ಬೀದರ್ ಆಳಿದ ರಾಜಮಾತೆ

[ದೃಶ್ಯ: ಬೀದರ್ ಕೋಟೆಯ ಗುಂಬಜ್ ದರ್ವಾಜಾ]
ಈ ಕೋಟೆಯಿಂದ ಒಬ್ಬ ತಾಯಿ ಇಡೀ ರಾಜ್ಯ ನಡೆಸಿದಳು. ಆಕೆಯ ಬಿರುದು ಮಖ್ದೂಮಾ-ಎ-ಜಹಾನ್.

1461. ಬಹಮನಿ ಸುಲ್ತಾನ ಹುಮಾಯೂನ್ ಶಾ ತೀರಿಕೊಂಡ. ಪಟ್ಟವೇರಿದ್ದು ಎಂಟು ವರ್ಷದ ಮಗ, ನಿಜಾಮ್ ಶಾ. ಆಡಳಿತ ಮೂವರ ಕೈಗೆ ಬಂತು: ಖ್ವಾಜಾ ಜಹಾನ್, ಮಹಮೂದ್ ಗವಾನ್ ಮತ್ತು ಈ ರಾಜಮಾತೆ.

[ದೃಶ್ಯ: ಕೋಟೆಯ ಕಂದಕ]
ಮಗು ರಾಜನೆಂದು ಮಾಳ್ವದ ಸುಲ್ತಾನ ದಂಡೆತ್ತಿ ಬಂದ. ಬೀದರ್‌ಗೇ ಮುತ್ತಿಗೆ ಬಿತ್ತು. ರಾಜಮಾತೆ ಮಗನೊಂದಿಗೆ ಫಿರೋಜಾಬಾದಿಗೆ ಹೋದಳು. ಗುಜರಾತಿನ ನೆರವು ಬಂತು. ಮಾಳ್ವದ ಸೇನೆ ಹಿಂದೆ ಸರಿಯಿತು.

1463ರಲ್ಲಿ ನಿಜಾಮ್ ಶಾ ಸತ್ತ. ಕಿರಿಯ ಮಗ ಮೂರನೇ ಮುಹಮ್ಮದ್ ಸಿಂಹಾಸನ ಏರಿದ. ಅವನೂ ಬಾಲಕನೇ. ಅಧಿಕಾರವನ್ನೆಲ್ಲ ಬಾಚಿಕೊಳ್ಳುತ್ತಿದ್ದ ಖ್ವಾಜಾ ಜಹಾನ್ 1466ರಲ್ಲಿ ಹತನಾದ. ಗವಾನ್ ಪ್ರಧಾನಿಯಾದ. ಮಗ ಬೆಳೆದ ಮೇಲೆ ತಾಯಿ ಅಧಿಕಾರ ಬಿಟ್ಟುಕೊಟ್ಟಳು.

ಸುಮಾರು 100 ವರ್ಷದ ನಂತರ, 1560ರಲ್ಲಿ, ಫ್ರಾನ್ಸ್‌ನಲ್ಲೂ ಇದೇ ಆಯಿತು. ಹತ್ತು ವರ್ಷದ ಮಗನ ಪರವಾಗಿ ಕ್ಯಾಥರೀನ್ ದೆ ಮೆದಿಚಿ ಆಳಿದಳು. ಎರಡೂ ಕಡೆ ಪಟ್ಟ ಮಗನದು, ಹೊಣೆ ತಾಯಿಯದು. ಅಂದಿನ ಪದ್ಧತಿಯಲ್ಲಿ ಹೆಣ್ಣಿಗೆ ಅಧಿಕಾರದ ಬಾಗಿಲು ತೆರೆದದ್ದು ಹೆಚ್ಚಾಗಿ ಹೀಗೆಯೇ.

[ದೃಶ್ಯ: ಅಷ್ಟೂರಿನ ಗೋರಿಗಳು]
1472ರ ಬೆಳಗಾವಿ ದಂಡಯಾತ್ರೆಗೂ ಮಖ್ದೂಮಾ-ಎ-ಜಹಾನ್ ಮಗನ ಜೊತೆ ಹೋಗಿದ್ದಳು. ಆ ಯಾತ್ರೆಯಲ್ಲೇ ತೀರಿಕೊಂಡಳು.

ಗವಾನ್ ಮದರಸಾ ಎಲ್ಲರಿಗೂ ಗೊತ್ತು. ಅವನೊಂದಿಗೆ ರಾಜ್ಯ ಉಳಿಸಿದ ಈ ಹೆಣ್ಣುಮಗಳ ಹೆಸರೂ ಗೊತ್ತಿರಲಿ. ಭಾಲ್ಕಿ, ಔರಾದ್‌ನಿಂದ ಮಕ್ಕಳನ್ನು ಕೋಟೆಗೆ ಕರೆತರುವ ಮೇಷ್ಟ್ರೇ, ಟೀಚರೇ, ಈ ರಾಜಮಾತೆಯ ಕಥೆಯನ್ನೂ ತಪ್ಪದೆ ಹೇಳಿ.