ಆಟದಿಂದ ಪಾಠ: ಎಳೆಯರಿಗೆ ತಕ್ಕ ಶಾಲೆ ಯಾವುದು?

ಹುಣಿಸೆಯ ಸುಗ್ಗಿ ಮುಗಿದು, ಕಡಲೆಕಾಯಿ ಬಿತ್ತನೆಗೆ ಇನ್ನೂ ಮಳೆ ಬಾರದ ಬೇಸಗೆಯ ದಿನಗಳಲ್ಲಿ ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಂಥ ಹೋಬಳಿಗಳ ಅನೇಕ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಆರು ವರ್ಷ ತುಂಬಿದ ಮಗುವನ್ನು ಯಾವ ಶಾಲೆಗೆ ಸೇರಿಸಬೇಕು? ಊರಿನ ಸರ್ಕಾರಿ ಶಾಲೆಗೋ, ಮನೆಯ ಬಾಗಿಲಿಗೆ ಹಳದಿ ಬಸ್ಸನ್ನು ಕಳುಹಿಸುವ ಪಟ್ಟಣದ ಶಾಲೆಗೋ? "ಓದಿದವಳು ನೀನಲ್ಲವೇ, ನೀನೇ ಹೋಗಿ ನೋಡಿಕೊಂಡು ಬಾರಮ್ಮ" ಎಂದು ತಂದೆಯು ಕಾಲೇಜಿಗೆ ಹೋಗುವ ಹಿರಿಯ ಮಗಳಿಗೆ ಹೇಳುವುದುಂಟು. ಹೋಗಬಹುದು, ಆದರೆ ಹೋಗಿ ಏನನ್ನು ನೋಡಬೇಕು?

ಶಾಲೆಯನ್ನು ನೋಡುವುದಕ್ಕೆ ಮೊದಲು ಮಗುವನ್ನು ನೋಡುವುದು ಲೇಸು. ಐದು ವರ್ಷದ ತಮ್ಮನನ್ನೋ ತಂಗಿಯನ್ನೋ ಕೂಡಿಸಿಕೊಂಡು, ಆರಾರು ಹುಣಿಸೆ ಬೀಜಗಳನ್ನು ಎರಡು ಸಾಲಾಗಿ ಎದುರುಬದುರು ಇಡಿರಿ. ಎರಡೂ ಸಮವೆಂದು ಮಗು ಒಪ್ಪುತ್ತದೆ. ಈಗ ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ, "ಯಾವುದರಲ್ಲಿ ಹೆಚ್ಚು?" ಎಂದು ಕೇಳಿರಿ. ಉದ್ದವಾದ ಸಾಲಿನತ್ತ ಮಗು ಬೆರಳು ತೋರಿಸುವುದೇ ಹೆಚ್ಚು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಇಂಥ ಪ್ರಯೋಗಗಳಿಂದಲೇ ಪ್ರಸಿದ್ಧನಾದನು. ಸಂಖ್ಯೆಯ ಅರಿವು ಬಾಯಿಪಾಠದಿಂದ ಬರುವುದಲ್ಲ, ಮಗು ತಾನೇ ವಸ್ತುಗಳನ್ನು ಮುಟ್ಟಿ, ಜೋಡಿಸಿ, ಕೆಡಿಸಿ ಕಟ್ಟಿಕೊಳ್ಳುವಂಥದು ಎಂಬುದು ಆತನ ವಾದ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ಸಂಶೋಧಕರು ಅದೇ ಪ್ರಯೋಗವನ್ನು ಸ್ವಲ್ಪ ಮಾರ್ಪಡಿಸಿದರು. ಸಾಲನ್ನು ಕದಲಿಸಿದ್ದು ದೊಡ್ಡವರ ಕೈಯಲ್ಲ, ಒಂದು ತುಂಟ ಗೊಂಬೆ ಕರಡಿ! ಹೀಗೆ ಮಾಡಿದಾಗ ಸರಿಯುತ್ತರ ಕೊಟ್ಟ ಮಕ್ಕಳ ಸಂಖ್ಯೆ ಬಹಳವಾಗಿ ಹೆಚ್ಚಿತು. ಇದರ ಕಾರಣವನ್ನು ಯೋಚಿಸಿರಿ. ದೊಡ್ಡವರು ಗಂಭೀರವಾಗಿ ಸಾಲನ್ನು ಬದಲಿಸಿ ಪುನಃ ಅದೇ ಪ್ರಶ್ನೆಯನ್ನು ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಶಂಕಿಸುತ್ತದೆ. ಬೀಜಗಳನ್ನು ಬಿಟ್ಟು ಕೇಳುವವರ ಮುಖವನ್ನು ಓದಲು ತೊಡಗುತ್ತದೆ. ಆಟವಾದೊಡನೆ ಅದರ ಬುದ್ಧಿ ಬೀಜಗಳ ಕಡೆಗೇ ತಿರುಗುತ್ತದೆ. ಬೆತ್ತ ಹಿಡಿದವರ ಮುಂದೆ ನಿಂತ ಮಗು ಏನನ್ನು ಓದುತ್ತಿರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸುತ್ತಿದ್ದುದು ಬಹು ಒಳ್ಳೆಯ ಪದ್ಧತಿ. ಅದರ ಪಕ್ಕದಲ್ಲಿಯೇ ಕೋದಂಡ ತೂಗುತ್ತಿದ್ದುದು ದುರ್ದೈವ.

ಹಾಗೆಂದು ಆಟವೆಲ್ಲವೂ ಪಾಠವಾಗುವುದೆಂದು ಭಾವಿಸಬಾರದು. 2008ರಲ್ಲಿ ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಬಡಕುಟುಂಬಗಳ ಎಳೆಯ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕೆಲವು ಮಕ್ಕಳು 1ರಿಂದ 10ರವರೆಗೆ ಸಂಖ್ಯೆ ಬರೆದ ಮನೆಗಳ ಪಟದಲ್ಲಿ ಕಾಯಿ ನಡೆಸಿದರು. ಉಳಿದವರು ಬಣ್ಣ ಮಾತ್ರ ಬಳಿದ ಪಟದಲ್ಲಿ ಆಡಿದರು. ಒಟ್ಟು ಆಡಿದ್ದು ಸುಮಾರು 1 ಗಂಟೆ. ಸಂಖ್ಯೆಯ ಪಟದವರು ಎಣಿಕೆಯಲ್ಲಿ, ಅಂಕಿಗಳನ್ನು ಗುರುತಿಸುವುದರಲ್ಲಿ, ಹೆಚ್ಚು ಕಡಿಮೆಗಳನ್ನು ಹೇಳುವುದರಲ್ಲಿ ಮುಂದುವರಿದರು. 9 ವಾರಗಳ ಮೇಲೂ ಆ ಲಾಭ ಉಳಿದಿತ್ತು. ಬಣ್ಣದ ಪಟದವರಿಗೆ ಅಂಥ ಪ್ರಯೋಜನವೇನೂ ಆಗಲಿಲ್ಲ. ಸಂತೋಷ ಎರಡರಲ್ಲಿಯೂ ಇತ್ತು, ಗಣಿತ ಒಂದರಲ್ಲಿ ಮಾತ್ರ. ಗೋಡೆಯ ತುಂಬ ಚಿತ್ರ ಬರೆಸಿ ಜಾರುಬಂಡೆ ನೆಟ್ಟ ಮಾತ್ರಕ್ಕೆ ಶಾಲೆ ಒಳ್ಳೆಯದಾಗದು.

ಇಂಥ ಶಾಲೆಯನ್ನು ಹುಡುಕಿಕೊಂಡು ಯೂರೋಪಿಗೆ ಹೋಗಬೇಕಾಗಿಲ್ಲ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಎಂಬ ಆಂಗ್ಲರು ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ 'ನೀಲ್‌ಬಾಗ್' ಎಂಬ ಪುಟ್ಟ ಶಾಲೆಯನ್ನು ತೆರೆದರು. ಹಳ್ಳಿಯ ಮಕ್ಕಳೇ ಅಲ್ಲಿನ ವಿದ್ಯಾರ್ಥಿಗಳು. ಪರೀಕ್ಷೆಯಿಲ್ಲ, ಸ್ಪರ್ಧೆಯಿಲ್ಲ, ಶಿಕ್ಷೆಯಿಲ್ಲ. ಬೇರೆ ಬೇರೆ ವಯಸ್ಸಿನವರು ಕೂಡಿ ಕುಳಿತು ಅವರವರ ವೇಗದಲ್ಲಿ ಕಲಿಯುತ್ತಿದ್ದರು. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಅವರಲ್ಲಿ ತರಬೇತಿ ಪಡೆದವರು ಆಂಧ್ರದ ಮದನಪಲ್ಲಿಯ ಸಮೀಪದ ರಿಷಿವ್ಯಾಲಿಯ ಹಳ್ಳಿಶಾಲೆಗಳಲ್ಲಿ ಆ ಕ್ರಮವನ್ನು ಬೆಳೆಸಿ, ಪಾಠಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ವಿಂಗಡಿಸಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಉಪಾಧ್ಯಾಯರು ಅದನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನೊಡನೆ ಕನ್ನಡಕ್ಕೆ ತಕ್ಕಂತೆ ಹೊಸದಾಗಿ ರಚಿಸಿದರು. ಅದೇ 'ನಲಿ-ಕಲಿ'. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೂ ಮರುವರ್ಷ 3ನೆಯದಕ್ಕೂ ಹಬ್ಬಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೂ ಅದು ಬಂದುದು ಹೀಗೆ.

ನಲಿ-ಕಲಿಯ ಅಕ್ಷರಕ್ರಮವು ನನಗೆ ಬಹಳ ಮೆಚ್ಚುಗೆಯಾದುದು. ಅ, ಆ, ಇ, ಈ ಎಂದು ಐವತ್ತನ್ನೂ ಒಪ್ಪಿಸಿದ ಮೇಲೆ ಪದಗಳಿಗೆ ಬರುವ ಬದಲು ಅದು ರ, ಗ, ಸ, ದ, ಅ ಎಂಬ ಐದರಿಂದ ಆರಂಭವಾಗುತ್ತದೆ. ಐದೇ ಅಕ್ಷರ ಕಲಿತ ಮಗು ಸರ, ಗರಗಸ, ಅರಸ ಎಂದು ಓದಿಬಿಡುತ್ತದೆ. ಗುಣಿತವಾಗಲಿ ಒತ್ತಾಗಲಿ ಬೇಕಿಲ್ಲ. ಬಡಗಿಯ ಮಗಳು ಮನೆಗೆ ಹೋಗಿ ಅಪ್ಪನ ಗರಗಸದ ಹೆಸರನ್ನು ಬರೆದು ತೋರಿಸಬಲ್ಲಳು. ಮೂರು ತರಗತಿಗಳ ಮಕ್ಕಳೂ ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕುಳಿತುಕೊಳ್ಳುವರು. ಒಂದು ಗುಂಪಿಗೆ ಉಪಾಧ್ಯಾಯರ ನೆರವು, ಒಂದಕ್ಕೆ ಜೊತೆಗಾರರ ನೆರವು, ಮತ್ತೊಂದಕ್ಕೆ ಸ್ವಂತ ಕಲಿಕೆ. 'ಕಲಿಕಾ ಏಣಿ'ಯಲ್ಲಿ ತಾನು ಎಷ್ಟನೆಯ ಮೆಟ್ಟಿಲಲ್ಲಿರುವೆನೆಂದು ಮಗುವಿಗೇ ಗೊತ್ತು. ಒಂದು ವಾರ ಜ್ವರ ಬಂದು ಮಲಗಿದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತಬಹುದು.

ಕಾಗದದ ಮೇಲಿನ ಪದ್ಧತಿ ಎಲ್ಲೆಡೆಯೂ ಹಾಗೆಯೇ ನಡೆಯುವುದೆಂದು ಹೇಳಲಾಗದು. ಒಬ್ಬರೇ ಉಪಾಧ್ಯಾಯರು ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತ ಮೂರು ತರಗತಿಗಳನ್ನೂ ನೋಡಿಕೊಳ್ಳಬೇಕಾದಲ್ಲಿ, ಕಾರ್ಡುಗಳು ಹರಿದು ಕಳೆದುಹೋದಲ್ಲಿ, ನಲಿಯೂ ಇಲ್ಲ ಕಲಿಯೂ ಇಲ್ಲ. ಆದ್ದರಿಂದ ಶಾಲೆಯ ಫಲಕವನ್ನು ನಂಬದೆ ಅನುಮತಿ ಪಡೆದು ಅರ್ಧ ಗಂಟೆ ಬಾಗಿಲ ಬಳಿ ಕುಳಿತುಕೊಳ್ಳಿರಿ. ಕಾರ್ಡುಗಳ ಅಂಚು ಮಕ್ಕಳ ಕೈಬೆರಳಿನಿಂದ ಮಾಸಿದೆಯೇ, ಅಥವಾ ಬೀರುವಿನಲ್ಲಿ ಹೊಸದಾಗಿಯೇ ಇದೆಯೇ? ಪ್ರಶ್ನೆ ಕೇಳುವವರು ಯಾರು? ತಪ್ಪು ಹೇಳಿದ ಮಗು ಮತ್ತೊಮ್ಮೆ ಕೈಯೆತ್ತಿತೇ? ಪಟ್ಟಣದ ಶಾಲೆಯಲ್ಲಿಯೂ ಇವೇ ಪ್ರಶ್ನೆಗಳು. ಅಲ್ಲಿ ಪ್ರವೇಶಕ್ಕೆಂದು ಮಗುವಿಗೆ ಪರೀಕ್ಷೆಯನ್ನೋ ತಂದೆತಾಯಿಗಳಿಗೆ ಸಂದರ್ಶನವನ್ನೋ ಇಟ್ಟರೆ, 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ವಿಧಿ ಅದನ್ನು ನಿಷೇಧಿಸಿದೆಯೆಂದು ತಿಳಿದಿರಲಿ. 17ನೆಯ ವಿಧಿ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಮನೆಗೆ ಬಂದಾಗ ಅಜ್ಜಿ ಕೇಳಿಯೇ ಕೇಳುವರು: "ಅಲ್ಲಿ ಮಗ್ಗಿ ಹೇಳಿಸುವುದಿಲ್ಲವಂತೆ, ಬರೀ ಆಟವಂತೆ, ಹೌದೇ?" ವಾದಕ್ಕೆ ಇಳಿಯಬೇಡಿರಿ. ಅವರ ಮುಂದೆ ಚೌಕಾಬಾರದ ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನು ಮಗುವಿನ ಕೈಗೆ ಕೊಟ್ಟು, ಯಾವ ಕಾಯಿ ನಡೆಸಿದರೆ ಎಷ್ಟು ಮನೆ ಉಳಿಯುತ್ತದೆಂದು ಅದು ಲೆಕ್ಕ ಹಾಕುವುದನ್ನು ಅವರೇ ನೋಡಲಿ.