ಮುಕ್ತ ತಂತ್ರಾಂಶವನ್ನು ಸಾಕುವವರು ಯಾರು?

ಮಂಗಳೂರಿನ ದೇರೆಬೈಲಿನಲ್ಲಿ ವಿದ್ಯಾರ್ಥಿಯೊಬ್ಬನು ಗಣಕದ ಮುಂದೆ ಕುಳಿತು, ತನ್ನ ಊರಿನ ವಿಷಯವಾಗಿ ತುಳು ವಿಕಿಪೀಡಿಯಕ್ಕೆ ನಾಲ್ಕು ಸಾಲು ಬರೆಯುತ್ತಿರುವನೆಂದು ಭಾವಿಸೋಣ. ಅವನು ಯಾವ ತಂತ್ರಾಂಶವನ್ನೂ ಹಣ ಕೊಟ್ಟು ಕೊಂಡವನಲ್ಲ. ಪುಟವನ್ನು ತೋರಿಸುತ್ತಿರುವ ಫೈರ್‌ಫಾಕ್ಸಿಗೆ ಬೆಲೆಯಿಲ್ಲ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶಕ್ಕೂ ಬೆಲೆಯಿಲ್ಲ. ಕನ್ನಡ ಲಿಪಿಯಲ್ಲಿ ಬೆರಳಚ್ಚಿಸಲು ಆ ತಂತ್ರಾಂಶದಲ್ಲಿಯೇ ಕೆಲವು ಕೀಲಿಮಣೆ ವಿನ್ಯಾಸಗಳನ್ನು ಒದಗಿಸಿದ್ದಾರೆ. ಅವುಗಳಲ್ಲೊಂದು, ಮಂಗಳೂರಿಗೆ ಸಮೀಪದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ರೂಪಿಸಿದುದು. ಮಂಗಳೂರು ಸೀಮೆಯವರೊಬ್ಬರ ಬುದ್ಧಿಯ ಫಲವು ಲೋಕವನ್ನೆಲ್ಲ ಸುತ್ತಿ, ಕಾಸಿನ ಖರ್ಚಿಲ್ಲದೆ ನೆರೆಮನೆಗೇ ಹಿಂದಿರುಗಿದಂತಾಯಿತು. ಆದರೆ ಈ ಸುತ್ತಾಟದ ವೆಚ್ಚವನ್ನು ಯಾರೋ ಭರಿಸಿರಲೇಬೇಕಷ್ಟೆ. ಅವರು ಯಾರು?

ಉತ್ತರಕ್ಕೆ ಮೊದಲು ಎರಡು ಮಾತುಗಳ ಅರ್ಥವನ್ನು ಬೇರ್ಪಡಿಸಿಕೊಳ್ಳಬೇಕು. ಪುಕ್ಕಟೆಯಾಗಿ ದೊರೆತದ್ದೆಲ್ಲವೂ ಮುಕ್ತವಲ್ಲ. ತಂತ್ರಾಂಶವನ್ನು ರಚಿಸಿದ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ ಪ್ರತಿಯನ್ನು ಪರರಿಗೆ ಹಂಚಬಹುದು ಎಂಬ ಅಪ್ಪಣೆ ಜೊತೆಗಿದ್ದರೆ ಮಾತ್ರ ಅದು ಮುಕ್ತ. 1985ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಈ ಲಕ್ಷಣವನ್ನೇ ಸಾರುತ್ತ ಬಂದಿದೆ. ವ್ಯತ್ಯಾಸವನ್ನು ಕನ್ನಡಿಗರು ಅನುಭವದಿಂದಲೇ ಬಲ್ಲರು. ಕನ್ನಡ ಗಣಕ ಪರಿಷತ್ತು ಎಂಬ ಲಾಭರಹಿತ ಸಂಸ್ಥೆಯು ಸಿದ್ಧಗೊಳಿಸಿದ 'ನುಡಿ'ಯನ್ನು ಕರ್ನಾಟಕ ಸರ್ಕಾರವು ಪುಕ್ಕಟೆಯಾಗಿ ಹಂಚಿತು. ಕನ್ನಡವು ಕಚೇರಿಯ ಗಣಕಗಳನ್ನು ಹೊಕ್ಕದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಅದರ ಮೊದಮೊದಲ ಆವೃತ್ತಿಗಳ ಮೂಲಸಂಕೇತ ಜನರ ಕೈಗೆ ತೆರೆದಿರಲಿಲ್ಲ. ಅಕ್ಷರಗಳ ಸಂಕೇತಗಳೂ ಯೂನಿಕೋಡಿನವಲ್ಲ. ಅಂದು ಬೆರಳಚ್ಚಿಸಿದ ಕಡತವನ್ನು ಆ ಫಾಂಟುಗಳಿಲ್ಲದ ಗಣಕದಲ್ಲಿ ಇಂದು ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಮುಕ್ತ ಉಪಕರಣಗಳನ್ನು ಮುಂದೆ ಸ್ವಯಂಸೇವಕರು ರಚಿಸಬೇಕಾಯಿತು.

ಇನ್ನು ವೆಚ್ಚದ ಮಾತು. ದಕ್ಷಿಣ ಕನ್ನಡ, ಕಾಸರಗೋಡುಗಳ ಹಳ್ಳಿಗಳಲ್ಲಿ ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟ ಹಾಕುವ ಪದ್ಧತಿಯುಂಟು. ನಿಂತ ನೀರು ಬೈಲಿನ ಗದ್ದೆ ತೋಟಗಳಿಗೆಲ್ಲ ಒದಗುತ್ತದೆ. (ದೇರೆಬೈಲಿನ ಹೆಸರಿನಲ್ಲಿಯೂ ಈ ಬೈಲು ಉಳಿದುಕೊಂಡಿದೆ.) ಮುಂದಿನ ಮಳೆಗಾಲಕ್ಕೆ ಕಟ್ಟ ಹೋಯಿತು, ಮರುವರ್ಷ ಮತ್ತೆ ಕಟ್ಟಬೇಕು. ತಂತ್ರಾಂಶದ ಸ್ಥಿತಿಯೂ ಇದೇ. ಒಮ್ಮೆ ಬರೆದರೆ ಮುಗಿಯಲಿಲ್ಲ; ಯಂತ್ರಗಳು ಬದಲಾದಂತೆ, ದೋಷಗಳು ಹೊರಬಿದ್ದಂತೆ, ವರ್ಷವರ್ಷವೂ ದುರಸ್ತಿ ನಡೆಯಬೇಕು. ಹೊಸತನ್ನು ಬರೆಯಲು ಉತ್ಸಾಹಿಗಳು ಸಿಕ್ಕುತ್ತಾರೆ. ಹಳೆಯದನ್ನು ತಿದ್ದಲು ಸಿಕ್ಕುವವರು ವಿರಳ.

ಇದಕ್ಕೆ 2014ರ ಏಪ್ರಿಲ್ ತಿಂಗಳಲ್ಲಿ ಬಯಲಾದ 'ಹಾರ್ಟ್‌ಬ್ಲೀಡ್' ದೋಷವೇ ನಿದರ್ಶನ. ಅಂತರಜಾಲದಲ್ಲಿ ಗುಟ್ಟಾಗಿ ಸಾಗಬೇಕಾದ ಮಾಹಿತಿಗೆ ಗೂಢಲಿಪಿಯ ಹೊದಿಕೆ ತೊಡಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವು ಲಕ್ಷಾಂತರ ತಾಣಗಳಿಗೆ ಬೀಗದಂತಿತ್ತು. ಎರಡು ಗಣಕಗಳು ಮಾತನಾಡುವಾಗ ಒಂದು ಇನ್ನೊಂದಕ್ಕೆ ಆಗಾಗ್ಗೆ ಒಂದು ಚಿಕ್ಕ ಸಂದೇಶವನ್ನೂ, ಅದರ ಉದ್ದವನ್ನೂ ಕಳುಹಿಸಿ, "ಇದನ್ನೇ ಹಿಂದಿರುಗಿಸು" ಎನ್ನುವುದುಂಟು. ಸಂಪರ್ಕ ಜೀವಂತವಾಗಿದೆಯೇ ಎಂದು ತಿಳಿಯುವ ಉಪಾಯವಿದು. ಸಂದೇಶ ಮೂರೇ ಅಕ್ಷರದ್ದಾಗಿದ್ದು, ಉದ್ದ ಅರವತ್ತು ಸಾವಿರವೆಂದು ಸುಳ್ಳು ಹೇಳಿದರೆ? ಓಪನ್‌ಎಸ್‌ಎಸ್‌ಎಲ್ ಅಳೆದು ನೋಡುತ್ತಿರಲಿಲ್ಲ. ಆ ಮೂರು ಅಕ್ಷರಗಳ ಮಗ್ಗುಲಲ್ಲಿ ತನ್ನ ಸ್ಮೃತಿಯಲ್ಲಿದ್ದುದನ್ನೆಲ್ಲ, ಪರರ ಗುಪ್ತಪದಗಳನ್ನೂ ಸಹ, ಬಾಚಿ ಕೊಟ್ಟುಬಿಡುತ್ತಿತ್ತು. 2012ರ ಮಾರ್ಚ್ ತಿಂಗಳ ಆವೃತ್ತಿಯಲ್ಲಿ ಸೇರಿಕೊಂಡ ಈ ತಪ್ಪು ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮೂಲಸಂಕೇತ ತೆರೆದಿತ್ತು ನಿಜ, ಕುಳಿತು ಓದುವವರಿರಲಿಲ್ಲ. ಆ ಕಾಲದಲ್ಲಿ ಪೂರ್ಣಕಾಲ ದುಡಿಯುತ್ತಿದ್ದವನು ಒಬ್ಬನೇ. ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2,000 ಡಾಲರು. ಅದನ್ನು ಬಳಸಿ ವ್ಯಾಪಾರ ನಡೆಸುತ್ತಿದ್ದ ಕಂಪೆನಿಗಳ ಆದಾಯದ ಮುಂದೆ ಈ ಮೊತ್ತ ಲೆಕ್ಕಕ್ಕೇ ಬಾರದು. ಅನಾಹುತ ಬಯಲಾದ ಕೆಲವೇ ವಾರಗಳಲ್ಲಿ ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪೆನಿಗಳಿಂದ ಹಣ ಕೂಡಿಸಿ, ಇಬ್ಬರು ಪೂರ್ಣಕಾಲದ ಕೆಲಸಗಾರರ ವೆಚ್ಚವನ್ನು ವಹಿಸಿಕೊಂಡಿತು.

ಪ್ರತಿಷ್ಠಾನದ ಪ್ರಯೋಜನ ಹಣ ಕೂಡಿಸುವುದಕ್ಕೇ ಮುಗಿಯುವುದಿಲ್ಲ. ಸಾವಿರ ಮಂದಿ ಸೇರಿ ಬರೆದ ತಂತ್ರಾಂಶಕ್ಕೆ ಬ್ಯಾಂಕಿನಲ್ಲಿ ಖಾತೆ ತೆರೆಯುವವರು ಯಾರು? ಅದರ ಹೆಸರು ಯಾರ ಸೊತ್ತು? ನ್ಯಾಯಾಲಯದಲ್ಲಿ ಅದರ ಪರವಾಗಿ ನಿಲ್ಲುವವರು ಯಾರು? ಕಾನೂನಿನ ಕಣ್ಣಿಗೆ ಕಾಣುವ ಒಂದು 'ವ್ಯಕ್ತಿ' ಬೇಕು. ಆದರೆ ಆ ವ್ಯಕ್ತಿ ಲಾಭ ಹಂಚಿಕೊಳ್ಳುವ ಒಡೆಯನಾಗಿರಬಾರದು. ಲಾಭರಹಿತ ಸಂಸ್ಥೆಗೆ ಷೇರುದಾರರಿಲ್ಲ. ಉಳಿತಾಯವನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಮಾರುಕಟ್ಟೆಯಲ್ಲಿ ಅದನ್ನು ಕೊಳ್ಳುವುದೂ ಸಾಧ್ಯವಿಲ್ಲ. ನಮ್ಮ ದೇಶದಲ್ಲಿ ಟ್ರಸ್ಟು, ನೋಂದಾಯಿತ ಸಂಘ, ಇಲ್ಲವೆ 2013ರ ಕಂಪೆನಿ ಕಾಯಿದೆಯ 8ನೆಯ ಸೆಕ್ಷನ್ನಿನ ಕಂಪೆನಿ, ಈ ಮೂರರಲ್ಲಿ ಯಾವುದಾದರೊಂದು ರೂಪವನ್ನು ಅದು ತಾಳಬಹುದು.

ಇದರ ಬೆಲೆ ತಿಳಿದದ್ದು 2010ರಲ್ಲಿ. ಪತ್ರ, ಲೆಕ್ಕಪತ್ರಗಳನ್ನು ಬರೆಯುವ ಓಪನ್‌ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ಸನ್ ಎಂಬ ಕಂಪೆನಿ ಪೋಷಿಸುತ್ತಿತ್ತು. ಆ ವರ್ಷದ ಜನವರಿಯಲ್ಲಿ ಆರಕಲ್ ಕಂಪೆನಿಯು ಸನ್ ಕಂಪೆನಿಯನ್ನೇ ಕೊಂಡುಕೊಂಡಿತು. ಹೊಸ ಒಡೆಯನ ಒಲವು ಏನಿರುವುದೋ ಎಂದು ಕಳವಳಗೊಂಡ ಸ್ವಯಂಸೇವಕರು ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಶನ್ ಎಂಬ ತಮ್ಮದೇ ಸಂಸ್ಥೆಯನ್ನು ಘೋಷಿಸಿದರು. ಮೂಲಸಂಕೇತವನ್ನು ಒಯ್ಯಲು ಅಡ್ಡಿಯಿರಲಿಲ್ಲ, ಅದು ಮುಕ್ತ. ಒಯ್ಯಲಾಗದೆ ಉಳಿದದ್ದು ಹೆಸರು. ಅದು ಕಂಪೆನಿಯ ಸೊತ್ತು. ಆದುದರಿಂದ ಲಿಬ್ರೆಆಫೀಸ್ ಎಂಬ ಹೊಸ ಹೆಸರಿಡಬೇಕಾಯಿತು. ಜರ್ಮನಿಯ ಕಾನೂನಿನಂತೆ ಪ್ರತಿಷ್ಠಾನಕ್ಕೆ ಮೂಲಧನ ಬೇಕು. 2011ರ ಫೆಬ್ರವರಿಯಲ್ಲಿ ಜನರನ್ನು ಬೇಡಿದಾಗ 50,000 ಯೂರೋ ಎಂಟೇ ದಿನಗಳಲ್ಲಿ ಕೂಡಿತು! ಮರುವರ್ಷ ಬರ್ಲಿನ್ನಿನಲ್ಲಿ ಸಂಸ್ಥೆ ನೋಂದಾಯಿತವಾಯಿತು. ಈಗ ಹೆಸರೂ ಅದರದೇ. ಇಂದು ಕನ್ನಡದ ಆದೇಶಪಟ್ಟಿಗಳೊಡನೆ ಲಿಬ್ರೆಆಫೀಸನ್ನು ಬಳಸುವ ಅನುಕೂಲ ನಮಗುಂಟು.

ವಿಕಿಪೀಡಿಯದ ಹಿಂದಿರುವುದು 2003ರಲ್ಲಿ ಸ್ಥಾಪಿತವಾದ ವಿಕಿಮೀಡಿಯ ಫೌಂಡೇಶನ್. ಅದು ಸಿರಿವಂತ ಸಂಸ್ಥೆ. 2022-23ರಲ್ಲಿ ಅದರ ಆದಾಯ ಸುಮಾರು 18 ಕೋಟಿ ಡಾಲರು. ಬಹುಪಾಲು ಓದುಗರು ಕೊಟ್ಟ ಸಣ್ಣ ಸಣ್ಣ ದಾನಗಳು. ಯಂತ್ರಗಳು, ಮೀಡಿಯಾವಿಕಿಯನ್ನು ತಿದ್ದುವ ಎಂಜಿನಿಯರುಗಳ ಸಂಬಳ ಇದರಿಂದ ಸಾಗುತ್ತವೆ. ಲೇಖನ ಬರೆಯುವವರಿಗೆ ಸಂಬಳವಿಲ್ಲ. ತುಳು ವಿಕಿಪೀಡಿಯವು 2008ರಿಂದ ಪ್ರಾಯೋಗಿಕ ತಾಣದಲ್ಲಿ ಎಂಟು ವರ್ಷ ಕಾವು ಪಡೆದು, 2016ರ ಆಗಸ್ಟಿನಲ್ಲಿ ಸ್ವಂತ ವಿಳಾಸವನ್ನು ಪಡೆಯಿತು. ಅಷ್ಟರಲ್ಲಿ ತಂತ್ರಾಂಶದ ಗುಂಡಿಗಳ, ಸೂಚನೆಗಳ ಮಾತುಗಳನ್ನೂ ತುಳುವಿಗೆ ತಂದವರು ಸ್ವಯಂಸೇವಕರೇ. ಸಾಹುಕಾರ ಪ್ರತಿಷ್ಠಾನವೂ ಕೂಲಿ ಕೊಟ್ಟು ಇಂಥ ಶ್ರಮವನ್ನು ಕೊಂಡೀತೆಂದು ನಮಗೆ ತೋರುವುದಿಲ್ಲ.

ಪ್ರತಿಷ್ಠಾನವೆಂದೊಡನೆ ಸ್ವಾತಂತ್ರ್ಯ ಖಚಿತವೆಂದೂ ಅಲ್ಲ. ಫೈರ್‌ಫಾಕ್ಸನ್ನು ಹೊರತರುವ ಕಂಪೆನಿಯ ಒಡೆತನ ಮೊಜಿಲ್ಲ ಫೌಂಡೇಶನ್ನಿನದು. ಅದರ ಆದಾಯದ ಬಹುಪಾಲು ಬರುವುದು ಗೂಗಲ್ ಕಂಪೆನಿಯಿಂದ, ಅಂದರೆ ಫೈರ್‌ಫಾಕ್ಸಿನ ಮುಖ್ಯ ಪ್ರತಿಸ್ಪರ್ಧಿಯಾದ ಕ್ರೋಮಿನ ಒಡೆಯನಿಂದ! 2020ರಲ್ಲಿ ಮೊಜಿಲ್ಲ ಸುಮಾರು 250 ಮಂದಿಯನ್ನು ಕೆಲಸದಿಂದ ಬಿಡಿಸಿತು. ಲಿನಕ್ಸ್ ಫೌಂಡೇಶನ್ ಕೂಡ ಧರ್ಮಸಂಸ್ಥೆಯಲ್ಲ, ಕಂಪೆನಿಗಳ ಕೂಟ. ಆದರೂ ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಅವರಿಗೆ ಸಂಬಳವನ್ನು ಅದೇ ಕೊಡುವುದರಿಂದ, ಅವರು ಯಾವುದೊಂದು ಕಂಪೆನಿಯ ಹಂಗಿಗೂ ಬೀಳದೆ ಕೆಲಸ ಮಾಡಬಲ್ಲರು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಫಾಸ್ ಯುನೈಟೆಡ್ ಎಂಬ ಲಾಭರಹಿತ ಪ್ರತಿಷ್ಠಾನವು ಇಲ್ಲಿಯ ಮುಕ್ತ ತಂತ್ರಾಂಶ ಯೋಜನೆಗಳಿಗೆ ಧನಸಹಾಯ ನೀಡುತ್ತಿದೆ, ಸಮ್ಮೇಳನಗಳನ್ನೂ ನಡೆಸುತ್ತಿದೆ. ಮಾಡಬೇಕಾದ ಕೆಲಸವಂತೂ ಕಣ್ಣೆದುರಿಗೇ ಇದೆ. ಲಿಪಿಗಳಿಗೆ ಸಂಕೇತಗಳನ್ನು ಹಂಚುವ ಯೂನಿಕೋಡ್ ಒಕ್ಕೂಟವೂ ಲಾಭರಹಿತ ಸಂಸ್ಥೆಯೇ. 2024ರ ಸೆಪ್ಟೆಂಬರ್‌ನಲ್ಲಿ ಅದು ತನ್ನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ 80 ಸಂಕೇತಗಳನ್ನು ಕೊಟ್ಟಿತು. ಶತಮಾನಗಳಿಂದ ತಾಳೆಗರಿಯಲ್ಲಿದ್ದ ಲಿಪಿಗೆ ಗಣಕದಲ್ಲಿ ಸ್ಥಾನ ದೊರೆಯಿತು. ಆದರೆ ಸಂಕೇತವೆಂದರೆ ಆಸನದ ಸಂಖ್ಯೆ ಮಾತ್ರ. 'ರಾಷ್ಟ್ರ' ಎಂಬ ಪದವನ್ನೇ ನೋಡಿ: ಗಣಕದಲ್ಲಿ ಅದು ಏಳು ಸಂಕೇತಗಳ ಸಾಲು, ಅವನ್ನು ಒತ್ತಕ್ಷರಗಳಾಗಿ ಹೆಣೆದು ತೋರಿಸುವುದು ಫಾಂಟು ಮತ್ತು ಅದನ್ನು ಓದುವ ತಂತ್ರಾಂಶಗಳ ಕೆಲಸ. ತುಳು-ತಿಗಳಾರಿಯ ಸಂಯುಕ್ತಾಕ್ಷರಗಳಿಗೂ ಇದನ್ನೆಲ್ಲ ಮಾಡಬೇಕು: ಅಕ್ಷರಗಳನ್ನು ಬರೆದು, ಹೆಣೆದು, ಹಳೆಯ ಹಸ್ತಪ್ರತಿಗಳೊಡನೆ ಹೋಲಿಸಿ, ಪ್ರತಿಯೊಂದು ಹೊಸ ಗಣಕದಲ್ಲಿಯೂ ಪರೀಕ್ಷಿಸಬೇಕು. ಆ ಕೆಲಸಕ್ಕೆ ವರ್ಷವರ್ಷವೂ ವೇಳೆಯನ್ನೂ ವೇತನವನ್ನೂ ಒದಗಿಸುವ ಸಂಸ್ಥೆಯು ಮಂಗಳೂರಿನಲ್ಲಿಯೇ ಏಕೆ ನೋಂದಾಯಿತವಾಗಬಾರದು?