ಕರುಳಿನ ಕಾವಲು

ಮಾನವನಿಗೂ ನಾಯಿಗೂ ಇರುವ ಸ್ನೇಹ ಬಹು ಪ್ರಾಚೀನವಾದುದು. ತುಂಗೆಯ ದಡದ ಶಿವಮೊಗ್ಗದಲ್ಲಾಗಲಿ, ಭದ್ರೆಯ ದಡದ ಭದ್ರಾವತಿಯಲ್ಲಾಗಲಿ ನಾಯಿಗಳಿಲ್ಲದ ಬೀದಿಯನ್ನು ಕಾಣುವುದು ಕಷ್ಟ. ಕೆಲವು ಮನೆಯಲ್ಲಿ ಸಾಕಿದವು. ಹಲವು ಬೀದಿಯಲ್ಲೇ ಬೆಳೆದವು. ಮಾಂಸದ ಅಂಗಡಿಯ ಬಳಿ ಬಿಸುಟ ತುಂಡುಗಳನ್ನು ತಿಂದು ಬಂದ ನಾಯಿಯನ್ನೇ ಮಕ್ಕಳು ಮೈದಡವಿ ಆಡಿಸುವುದುಂಟು. ಈ ಸ್ನೇಹದ ನಡುವೆ ಕಣ್ಣಿಗೆ ಕಾಣದ ಅಪಾಯವೊಂದು ಅಡಗಿರಬಹುದು.

ಎಕಿನೊಕಾಕಸ್ ಎಂಬ ಲಾಡಿಹುಳು ನಾಯಿಯ ಸಣ್ಣ ಕರುಳಿನಲ್ಲಿ ವಾಸಿಸುತ್ತದೆ. ಅದರ ಉದ್ದ ಕೆಲವೇ ಮಿಲಿಮೀಟರುಗಳು. ಸಾವಿರಾರು ಹುಳುಗಳಿದ್ದರೂ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಹುಳುವಿನ ಮೊಟ್ಟೆಗಳು ಮಲದೊಡನೆ ಹೊರಬಿದ್ದು ಮಣ್ಣು, ನೀರು, ಹುಲ್ಲುಗಳನ್ನು ಸೇರುತ್ತವೆ. ಅವುಗಳನ್ನು ತಿಂದ ಕುರಿ ಮತ್ತು ದನಗಳ ಯಕೃತ್ತು, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳು ಬೆಳೆಯುತ್ತವೆ. ಆ ಅಂಗಗಳನ್ನು ನಾಯಿ ತಿಂದರೆ ಚಕ್ರ ಪೂರ್ಣವಾಗುತ್ತದೆ. ತೊಳೆಯದ ಕೈಯಿಂದಲೋ ತರಕಾರಿಯಿಂದಲೋ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಅವನಲ್ಲಿಯೂ ಅಂಥದೇ ಗುಳ್ಳೆ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ಅದು ಒಡೆದರೆ ಪ್ರಾಣಕ್ಕೇ ಅಪಾಯ.

ಇದಕ್ಕೆ ಔಷಧವಿಲ್ಲವೆ? ಇದೆ. ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ನಾಯಿಯ ಕರುಳಿನ ಹುಳುಗಳನ್ನು ಕೊಲ್ಲುತ್ತದೆ. ಆದರೆ ಅವು ಮತ್ತೆ ಬಾರದಂತೆ ತಡೆಯಲಾರದು. ಸೋಂಕಿದ ಅಂಗವನ್ನು ನಾಯಿ ಮರಳಿ ತಿಂದರೆ ಸುಮಾರು ಒಂದೂವರೆ ತಿಂಗಳಲ್ಲಿ ಮೊಟ್ಟೆಗಳು ಮತ್ತೆ ಹೊರಬೀಳುತ್ತವೆ. ಬೀದಿಯ ಪ್ರತಿಯೊಂದು ನಾಯಿಗೂ ಅಷ್ಟಷ್ಟು ದಿನಕ್ಕೊಮ್ಮೆ ಮಾತ್ರೆ ನುಂಗಿಸುವುದು ಸುಲಭಸಾಧ್ಯವಲ್ಲ. ಆದುದರಿಂದ ವಿಜ್ಞಾನಿಗಳ ಗಮನ ಲಸಿಕೆಯ ಕಡೆಗೆ ಹರಿಯಿತು.

ಶತ್ರು ಇರುವುದು ಕರುಳಿನಲ್ಲಿ. ಕಾವಲೂ ಅಲ್ಲಿಯೇ ಇರಬೇಕು. ಬಾಯಿಯ ಮೂಲಕ ಕೊಟ್ಟ ಲಸಿಕೆ ಕರುಳಿನ ಭಿತ್ತಿಯ ರಕ್ಷಣಾಶಕ್ತಿಯನ್ನು ಎಚ್ಚರಿಸಬಲ್ಲದು. ಆದರೆ ಹುಳುವಿನ ಪ್ರೊಟೀನನ್ನು ಹಾಗೆಯೇ ನುಂಗಿಸಿದರೆ ಅದು ಆಹಾರದಂತೆ ಜೀರ್ಣವಾಗಿಬಿಡುತ್ತದೆ. ಅದನ್ನು ಸುರಕ್ಷಿತವಾಗಿ ಒಯ್ಯಲು ವಾಹಕವೊಂದು ಬೇಕು. ರೋಗ ತರುವ ಶಕ್ತಿಯನ್ನು ಕುಗ್ಗಿಸಿದ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಅಂತಹ ವಾಹಕ. ಹುಳುವಿನ ಪ್ರೊಟೀನನ್ನು ತಯಾರಿಸುವ ಜೀನನ್ನು ಅದರೊಳಗೆ ಸೇರಿಸುತ್ತಾರೆ. ಅದು ಕರುಳನ್ನು ತಲುಪಿ ಆ ಪ್ರೊಟೀನನ್ನು ತಯಾರಿಸುತ್ತದೆ. ನಾಯಿಯ ದೇಹ ಅದನ್ನು ಪರಕೀಯವೆಂದು ಗುರುತಿಸಿ, ಮುಂದೆ ಬರುವ ಹುಳುವನ್ನು ಎದುರಿಸಲು ಸಿದ್ಧವಾಗುತ್ತದೆ.

ಮೊರೊಕ್ಕೊ ಮತ್ತು ಟ್ಯುನೀಷಿಯಾ ದೇಶಗಳಲ್ಲಿ ನಡೆದ ಇಂತಹ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಲಸಿಕೆ ನುಂಗಿದ ನಾಯಿಗಳಲ್ಲಿ ಹುಳುಗಳ ಸಂಖ್ಯೆ ಶೇಕಡಾ 70ರಿಂದ 80ರಷ್ಟು ಕಡಿಮೆಯಾಗಿತ್ತು. ಇದು ಆಶಾದಾಯಕವಾದರೂ ಪೂರ್ಣ ಜಯವಲ್ಲ. ಪ್ರಯೋಗಕ್ಕೆ ಒಳಗಾದ ನಾಯಿಗಳು ಕೆಲವೇ. ಉಳಿದ ಹುಳುಗಳು ಮೊಟ್ಟೆಯಿಡಬಲ್ಲವು. ಜೀವಂತ ಬ್ಯಾಕ್ಟೀರಿಯಾ ಇತರ ಪ್ರಾಣಿಗಳಿಗೆ ಕೇಡು ಮಾಡದೆಂಬ ಭರವಸೆಯೂ ಬೇಕು. ಆದಕಾರಣ ಈ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಂತಹ ವಿದ್ಯಾಕೇಂದ್ರಗಳಲ್ಲಿ ಇಂತಹ ಹುಳುಗಳ ಜೀವನಚಕ್ರವನ್ನು ವಿದ್ಯಾರ್ಥಿಗಳು ಅಭ್ಯಸಿಸುತ್ತಾರೆ. ಆ ಚಕ್ರವನ್ನು ಮುರಿಯುವ ಕೆಲಸ ಮಾತ್ರ ಎಲ್ಲರದು. ಕುರಿ, ದನಗಳ ಕೆಟ್ಟ ಅಂಗಗಳನ್ನು ನಾಯಿಗೆ ಹಾಕದೆ ಆಳವಾಗಿ ಹೂಳುವುದು, ಸಾಕುನಾಯಿಗೆ ಪಶುವೈದ್ಯರು ಹೇಳಿದಂತೆ ಔಷಧ ಕೊಡಿಸುವುದು, ನಾಯಿಯನ್ನು ಮುಟ್ಟಿದ ಮೇಲೆ ಕೈ ತೊಳೆಯುವುದು – ಇವು ಇಂದೇ ಮಾಡಬಹುದಾದ ಕೆಲಸಗಳು. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹರಿಯುವಂತೆ, ಪಶುಗಳ ಆರೋಗ್ಯವೂ ಮನುಷ್ಯರ ಆರೋಗ್ಯವೂ ಒಂದರೊಡನೊಂದು ಬೆರೆತಿವೆ.